ಫ್ಯಾಟಿ ಲಿವರಿಗೆ ಮುರುಗಲು ಆದೀತೆ? ಪರ-ವಿರೋಧ

ಪರ

ಅನ್ನ, ಮೈದಾ, ಸಕ್ಕರೆ ಅತಿಯಾದಾಗ ಯಕೃತ್ತು ಮಿಕ್ಕಿದ್ದನ್ನು ಕೊಬ್ಬಾಗಿಸಿ ತನ್ನೊಳಗೇ ತುಂಬಿಕೊಳ್ಳುತ್ತದೆ, ಅದೇ ಫ್ಯಾಟಿ ಲಿವರ್. ಆ ಕೆಲಸ ನಡೆಯಲು ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವ ಬೇಕು. ಅದನ್ನು ತಡೆಯುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಶಿರಸಿ-ಸಿದ್ದಾಪುರ ಕಡೆಯ ಹುಳಿಹಣ್ಣುಗಳಾದ ಮುರುಗಲು (ಕೋಕಂ), ಅದರ ಜಾತಿಯದೇ ಆದ ಉಪ್ಪಾಗೆ ಎರಡರ ಸಿಪ್ಪೆಯಲ್ಲೂ ಇದೆ. ಕೊಲೆಸ್ಟರಾಲ್ ಇಳಿಸಲು ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಬೆಂಪಿಡೋಯಿಕ್ ಆಮ್ಲವೂ ತಡೆಯುವುದು ಇದೇ ಕಿಣ್ವವನ್ನು. ಕಂಪನಿ ಮಾತ್ರೆಯಲ್ಲಿದ್ದರೆ ವಿಜ್ಞಾನ, ನಮ್ಮ ಬೆಟ್ಟದ ಹಣ್ಣಿನಲ್ಲಿದ್ದರೆ ಅಜ್ಜಿಮದ್ದೋ?

ಈ ಆಮ್ಲ ಯಕೃತ್ತಿನ ಕೊಬ್ಬು ಇಳಿಸುವುದನ್ನು ಇಲಿಯ ಮೇಲಷ್ಟೇ ನೋಡಿದ್ದು ಎಂದು ಮೂಗು ಮುರಿಯುವವರು, ಇಲಿಯನ್ನು ದಾಟದೆ ಬಂದ ಯಾವ ಔಷಧ ನುಂಗುತ್ತಾರೋ!

ಸಿಪ್ಪೆ ಮಾತ್ರ ಸರಿಯಾಗಿರಬೇಕು. ಏಪ್ರಿಲ್-ಮೇ ಹಣ್ಣನ್ನು ಕೊಯ್ದ ದಿನವೇ ಒಡೆದು, ಬೀಜ ತೆಗೆದು, ಮಳೆ ಹಿಡಿಯುವ ಮೊದಲು ಬಿಸಿಲಲ್ಲಿ ಒಣಗಿಸಿ. ಪಸೆ ಉಳಿದರೆ ಆಷಾಢದ ಹೊತ್ತಿಗೆ ಬೂಸ್ಟು. ಎಂಟು-ಹತ್ತು ಒಣಸಿಪ್ಪೆ ಅರ್ಧ ಲೀಟರ್ ನೀರಲ್ಲಿ ರಾತ್ರಿ ನೆನೆಯಲಿ. ಬೆಳಿಗ್ಗೆ ಕಿವುಚಿ ಸೋಸಿ, ಉಪ್ಪು, ಜೀರಿಗೆ ಪುಡಿ ಹಾಕಿ. ಅಲ್ಯೂಮಿನಿಯಂ, ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ಸಕ್ಕರೆಯಂತೂ ಬೇಡವೇ ಬೇಡ. ಶರಬತ್ತು ಕುಡಿದು ಮುರುಗಲು ಕೈಕೊಟ್ಟಿತು ಎಂದರೆ ತಪ್ಪು ಮುರುಗಲಿನದಲ್ಲ.

ವಿರೋಧ

ಮುರುಗಲಿನ ಸಾರಿಗೂ, ಅದಕ್ಕೆ ತೆಂಗಿನ ಹಾಲು ಬೆರೆಸಿ ಮಾಡುವ ಕಾರವಾರದ ಸೋಲ್‌ಕಡಿಗೂ ನನ್ನ ತಕರಾರಿಲ್ಲ. ಊಟದ ಜೊತೆ ಧಾರಾಳವಾಗಿ ಕುಡಿಯಿರಿ. ಆಕ್ಷೇಪ ಮದ್ದು ಅನ್ನುವುದಕ್ಕೆ.

ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಒಣಗುವಾಗ, ಕುದಿಯುವಾಗ ಒಂದಷ್ಟು ಲ್ಯಾಕ್ಟೋನ್ ಎಂಬ ಬೇರೆ ರೂಪಕ್ಕೆ ತಿರುಗಿಬಿಡುತ್ತದೆ, ಅದು ಕಿಣ್ವವನ್ನು ಅಷ್ಟಾಗಿ ತಡೆಯದು. ಈ ಆಮ್ಲದ ಮಾತ್ರೆ ಮಾಡುವವರು ಅದನ್ನು ಕ್ಯಾಲ್ಸಿಯಂ, ಪೊಟ್ಯಾಶಿಯಂ ಲವಣವಾಗಿ ಮಾಡುವುದು ಇದಕ್ಕೇ. ಹಾಗೆಂದು ಮಾತ್ರೆ ಗೆದ್ದಿತೇ? 1998ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 135 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ, ಇನ್ನೊಂದಕ್ಕೆ ಹುಸಿಮಾತ್ರೆ, 12 ವಾರ ಕೊಟ್ಟರು. ಎರಡೂ ಗುಂಪಿನ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅದು ತೂಕದ ಲೆಕ್ಕ, ಯಕೃತ್ತಿನದಲ್ಲ, ಒಪ್ಪಿದೆ.

ಉಪ್ಪಾಗೆ ಸಾರದ ಮಾತ್ರೆ ನುಂಗಿ ಯಕೃತ್ತೇ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಎಚ್‌ಎಲ್‌ಎ-ಬಿ 35:01 ಎಂಬ ವಂಶವಾಹಿ ಇರುವವರಿಗೆ ಅಪಾಯ ಹೆಚ್ಚು. ಯಕೃತ್ತಿನ ಕೊಬ್ಬು ಕರಗಲು ದೇಹತೂಕದ ಶೇಕಡಾ 7ರಿಂದ 10 ಇಳಿಸಿದರೆ ಫಲ ಕಾಣುತ್ತದೆ. ರಾತ್ರಿಯ ಅನ್ನ ಅರ್ಧ ಮಾಡಿ, ಊಟವಾದ ಮೇಲೆ ನಡೆಯಿರಿ. ಮಾತ್ರೆ ಶುರುಮಾಡಿದ ಮೇಲೆ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಯಕೃತ್ತಿನ ಸ್ಥಿತಿ ತಿಳಿಸುವ ಎಎಲ್‌ಟಿ, ಬಿಲಿರುಬಿನ್ ರಕ್ತಪರೀಕ್ಷೆ ಮಾಡಿಸಿ. ಡಬ್ಬಿಯನ್ನೂ ಡಾಕ್ಟರಿಗೆ ತೋರಿಸಿ.