ಪೇಡೆ ಬೇಡ, ಶೇಂಗಾ ಬೇಡ, ಹುಡುಗ ಸಾಕು

ಹದಿನಾರು ವರ್ಷದ ಮಗ ಒಂದು ವರ್ಷ ಜರ್ಮನಿಗೆ ಹೋಗುತ್ತಾನೆ, ಅಲ್ಲಿ ಒಂದು ಮನೆಯಲ್ಲಿದ್ದು ಶಾಲೆ ಓದುತ್ತಾನೆ ಎಂದರೆ ಧಾರವಾಡದಲ್ಲಿ ಯಾರೂ ಓದಿನ ವಿಷಯ ಕೇಳುವುದಿಲ್ಲ. ಮೊದಲ ಪ್ರಶ್ನೆಯೇ, "ಅವರು ಯಾರ ಪೈಕಿ ಅಂತ್ರೀ?"

ಯಾರ ಪೈಕಿಯೂ ಅಲ್ಲ, ಹೋಸ್ಟ್ ಫ್ಯಾಮಿಲಿ ಎನ್ನುತ್ತೇನೆ. "ಹಂಗಂದ್ರ ಪೇಯಿಂಗ್ ಗೆಸ್ಟ್ ಅನ್ರಿ." ಅಲ್ಲ, ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಇಲ್ಲಿಗೆ ಕೇಳಿದವರು ನನ್ನನ್ನು ಅನುಕಂಪದಿಂದ ನೋಡುತ್ತಾರೆ. ಸಪ್ತಾಪುರದಲ್ಲಿ ಒಂದು ಕಾಟಿಗೆ ಎಷ್ಟು ಬಾಡಿಗೆ ಎಂದು ಬಲ್ಲ ಊರು ಇದು. ಬಿಟ್ಟಿ ಇಟ್ಟುಕೊಳ್ಳುವವರನ್ನು ಅದು ನಂಬುವುದಿಲ್ಲ.

ಅವ್ವನದೂ ಅದೇ ಸಂಶಯ. "ಮಂದಿ ಹುಡುಗನ್ನ ಸುಮ್ನ ಯಾರ ಇಟ್ಕೋತಾರ? ಹೊಲದಾಗ ದುಡಸ್ತಾರೇನ ನೋಡು." ಮಗ ಅಜ್ಜಿಯನ್ನು ಕೂರಿಸಿಕೊಂಡು ಇತಿಹಾಸ ಹೇಳಿದ. ರೋಟರಿ, ಎಎಫ್‌ಎಸ್‌ನಂಥ ಸಂಸ್ಥೆಗಳು ಎಷ್ಟೋ ದಶಕದಿಂದ ಹೀಗೆ ಹುಡುಗರನ್ನು ಕಳಿಸುತ್ತಿವೆ. ಎಎಫ್‌ಎಸ್ ಶುರು ಮಾಡಿದವರು ಮಹಾಯುದ್ಧದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು, 1947ರಿಂದ ವಿದ್ಯಾರ್ಥಿಗಳನ್ನು ಕಳಿಸತೊಡಗಿದರು, ಇತ್ಯಾದಿ. ಅವ್ವನ ಕಿವಿಗೆ ಬಿದ್ದದ್ದು ಎರಡೇ: ಯುದ್ಧ, ಆಂಬುಲೆನ್ಸ್. ಅಂದು ರಾತ್ರಿ ಆಕೆ ಊಟ ಮಾಡಲಿಲ್ಲ.

ನಂತರ ಮನೆಗೆ ಹೆಣ್ಣು ಕೊಡುವವರ ಕಳೆ ಬಂತು. ಆ ಮನೆಯವರ ಫೋಟೊ ಫ್ಯಾಮಿಲಿ ಗ್ರೂಪಿನಲ್ಲಿ ಸುತ್ತಾಡಿತು. ಗಂಡ, ಹೆಂಡತಿ, ಹತ್ತು ವರ್ಷದ ಹುಡುಗ, ಒಂದು ನಾಯಿ. ಹಾವೇರಿಯ ಅತ್ತೆ ಫೋಟೊ ದೊಡ್ಡದು ಮಾಡಿ ಅಡುಗೆಮನೆಯ ಶೆಲ್ಫ್ ನೋಡಿ, "ಡಬ್ಬಿ ಭಾಳ ಕಡಿಮಿ ಅದಾವ" ಎಂದು ತೀರ್ಪು ಕೊಟ್ಟಳು. ನಾಯಿ ಮಾತ್ರ ಎಲ್ಲರಿಗೂ ಒಪ್ಪಿಗೆಯಾಯಿತು.

ಹೋಗುವ ಹುಡುಗ ಆ ಮನೆಯವರಿಗೆ ತನ್ನ ಬಗ್ಗೆ ಪತ್ರ ಬರೆಯಬೇಕು. ನಮ್ಮವನು ಬರೆದ. ಅದರಲ್ಲಿ "ನಾನು ದಿನಾಲೂ ಅಮ್ಮನಿಗೆ ಮನೆಗೆಲಸದಲ್ಲಿ ನೆರವಾಗುತ್ತೇನೆ" ಎಂಬ ಸಾಲು ಇತ್ತು. ನನ್ನ ಹೆಂಡತಿ ಪಾತ್ರೆ ತೊಳೆಯುತ್ತಲೇ ಓದಿದಳು. ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಅವನ ಕೈಗೆ ತಿಕ್ಕುವ ನಾರು ಕೊಟ್ಟಳು. ಪತ್ರ ತಿದ್ದುವುದಕ್ಕಿಂತ ಹುಡುಗನನ್ನು ತಿದ್ದುವುದು ವಾಸಿ ಅನಿಸಿರಬೇಕು. ಪಾತ್ರೆಯ ಪಾಠ ಹೇಗೋ ಮುಗಿಯಿತು. ಬಟ್ಟೆಯ ಪಾಠದ ದಿನ ಅವನು ವಾಷಿಂಗ್ ಮಷಿನ್ನಿಗೆ ನನ್ನ ಬಿಳಿ ಅಂಗಿಗಳನ್ನೂ ಅಜ್ಜಿಯ ಹೊಸ ಇಳಕಲ್ ಸೀರೆಯನ್ನೂ ಒಟ್ಟಿಗೆ ಹಾಕಿದ. ಈಗ ನಾನು ಆಫೀಸಿಗೆ ತಿಳಿಗುಲಾಬಿ ಅಂಗಿಯಲ್ಲಿ ಹೋಗುತ್ತೇನೆ. ಸೀರೆಯ ಕೆಂಪು ಸೆರಗು ಮೊದಲಿನಷ್ಟು ಕೆಂಪಗಿಲ್ಲ ಎಂದು ಅವ್ವ ಬಂದವರಿಗೆಲ್ಲ ತೋರಿಸುತ್ತಾಳೆ.

ಬರಿಗೈಲಿ ಕಳಿಸುವುದು ಹೇಗೆ? ಎರಡು ಕಿಲೋ ಪೇಡೆ ಎಂದು ಅವ್ವ ನಿರ್ಧರಿಸಿದ್ದಳು. ಆಗ ಮಗ ಇನ್ನೊಂದು ಬಾಂಬು ಹಾಕಿದ. ಹೊರದೇಶದ ಪ್ರಯಾಣಿಕರು ಯುರೋಪಿಯನ್ ಯೂನಿಯನ್ನಿಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಪೇಡೆ ಎಂದರೆ ಹಾಲೇ ಅಲ್ವಾ! ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವದಿಂದ ಬಂದ ಮನೆತನ ಇಲ್ಲಿ ಶುರು ಮಾಡಿದ್ದು, ಊರಿನ ಹೆಸರನ್ನೇ ಇಟ್ಟುಕೊಂಡದ್ದು, ಜಿಐ ಟ್ಯಾಗ್ ಪಡೆದದ್ದು. ಅಂಥ ಪೇಡೆಯನ್ನು ಫ್ರಾಂಕ್‌ಫರ್ಟಿನ ಬಾಗಿಲಲ್ಲಿ ಕಸಿದು ಬುಟ್ಟಿಗೆ ಹಾಕುತ್ತಾರಂತೆ. "ಹಾಂಗಿದ್ರ ಅವರು ತಿಂತಾರ ಬಿಡು, ಬುಟ್ಟಿಗೆ ಯಾಕ ಹಾಕ್ತಾರ" ಎಂದಳು ಅವ್ವ.

ಸರಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ಎಂದಳು ಹೆಂಡತಿ. ಆ ಮನೆಯ ಚಿಕ್ಕ ಹುಡುಗನಿಗೆ ಶೇಂಗಾ ಅಲರ್ಜಿ, ಮನೆಯೊಳಗೇ ತರಬೇಡಿ ಎಂದು ಅವರು ಮೊದಲೇ ಬರೆದಿದ್ದರು. ಅಡುಗೆಮನೆಯಲ್ಲಿ ಮೌನ. ಶೇಂಗಾ ಕಂಡರೆ ಆಗದ ಮಗುವೊಂದು ಜಗತ್ತಿನಲ್ಲಿ ಇದೆ ಎಂದು ನಂಬಲು ನಮ್ಮವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಉಳಿದದ್ದು ಕಡಕ್ ಜೋಳದ ರೊಟ್ಟಿ. ಅದಕ್ಕೆ ಹಾಲಿಲ್ಲ, ಶೇಂಗಾ ಇಲ್ಲ, ಕೆಡುವ ಭಯವಿಲ್ಲ. ಸುಮ್ಮನೆ ತೂಕ ನೋಡೋಣವೆಂದು ಸೂಟ್‌ಕೇಸ್ ತುಂಬಿದೆವು. ಜಿಪ್ ಹತ್ತಲಿಲ್ಲ. ಮಗ ಅದರ ಮೇಲೆ ಕೂತ. ಒಳಗಿಂದ ಬಂದ ಸದ್ದನ್ನು ಬರೆದು ತೋರಿಸಲಾರೆ. ಆ ವಾರ ನಾವೆಲ್ಲ ಮಜ್ಜಿಗೆಯಲ್ಲಿ ರೊಟ್ಟಿಪುಡಿ ಕಲಸಿಕೊಂಡು ಉಂಡೆವು. ಚೆನ್ನಾಗಿಯೇ ಇತ್ತು.

ಇಷ್ಟರಲ್ಲಿ ಮೊದಲ ವಿಡಿಯೊ ಕಾಲ್ ಬಂತು. ನಮಗೆ ರಾತ್ರಿ ಹತ್ತು, ಬೇಸಿಗೆಯಾದ್ದರಿಂದ ಅವರಿಗೆ ಸಂಜೆ ಆರೂವರೆ. ಪಕ್ಕದ ಮನೆಯವರೂ ಬಂದು ಕೂತಿದ್ದರು. ಆ ತಾಯಿ ನಗುತ್ತಾ ಫೋನು ತಿರುಗಿಸಿ ತಮ್ಮ ರಾತ್ರಿಯೂಟ ತೋರಿಸಿದರು. ಬ್ರೆಡ್ಡು, ಚೀಸು, ಸವತೆಕಾಯಿ ಹೋಳು. ಜರ್ಮನಿಯಲ್ಲಿ ಬಹಳ ಮನೆಗಳಲ್ಲಿ ರಾತ್ರಿ ಹೀಗೆ ತಣ್ಣನೆಯ ಬ್ರೆಡ್ಡೇ ಊಟ. ಅವ್ವನ ಮುಖ ಬಿಳುಚಿತು. ನನ್ನ ಕಿವಿಯಲ್ಲಿ, "ಒಲಿ ಹಚ್ಚಿಲ್ಲಲ್ಲೋ. ಮನ್ಯಾಗ ಯಾರರ ತೀರಿಕೊಂಡಾರೇನ ಕೇಳು" ಎಂದಳು. ಕೇಳಲಿಲ್ಲ. ಆದರೆ ಮೈಕು ಆನ್ ಇತ್ತು, ಮಗ ನಕ್ಕುಬಿಟ್ಟ, ಅವರು ಏನೆಂದು ಕೇಳಿದರು, ಅವನು ಹೇಳಿಯೂಬಿಟ್ಟ. ಆ ಗಂಡ ಹೆಂಡತಿ ಎಷ್ಟು ನಕ್ಕರೆಂದರೆ ನಾಯಿ ಬೊಗಳತೊಡಗಿತು. ಮರುದಿನದಿಂದ ಅವರು ಬಿಸಿ ಅಡುಗೆ ಮಾಡಿದಾಗಲೆಲ್ಲ ಅವ್ವನಿಗಾಗಿ ಉರಿಯುವ ಒಲೆಯ ಫೋಟೊ ಕಳಿಸುತ್ತಾರೆ.

ಆದರೂ ದೂರ ದೂರವೇ. ಒಂದು ಸಂಜೆ ಅವ್ವ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಸಮಾಧಾನಕ್ಕೆ ಕಿಟೆಲ್ ಸಾಹೇಬರ ಕಥೆ ತೆಗೆದೆ. ಊರಲ್ಲಿ ಅವರ ಹೆಸರಿನ ಕಾಲೇಜಿದೆ, ಅವ್ವನಿಗೆ ಗೊತ್ತು. 1853ರಲ್ಲಿ, ಇಪ್ಪತ್ತೊಂದರ ಹುಡುಗ, ಜರ್ಮನಿಯಿಂದ ನಮ್ಮ ಕಡೆ ಬಂದ. ಮಂದಿಯ ನಡುವೆ ಇದ್ದು ಕನ್ನಡ ಕಲಿತ. 1894ರಲ್ಲಿ ಅವನ ನಿಘಂಟು ಅಚ್ಚಾಯಿತು. ಅವನ ತಾಯಿಯೂ ನಿನ್ನ ಹಾಗೇ ಅತ್ತಿರಬೇಕು ಎಂದೆ. ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. "ಅಂದ್ರ ನಮ್ಮ ತಮ್ಮನೂ ನಲವತ್ತು ವರ್ಷ ಬರಂಗಿಲ್ಲೇನ?"

ಮೊನ್ನೆಯ ಕಾಲ್‌ನಲ್ಲಿ ಆ ಚಿಕ್ಕ ಹುಡುಗ ಪರದೆಗೆ ಮೂಗು ತಾಗಿಸಿ, ದೊಡ್ಡವನಾದ ಮೇಲೆ ನಾನು ನಿಮ್ಮ ಮನೆಗೆ ಬರಲಾ ಎಂದು ಕೇಳಿದ. ಬಾರಪ್ಪಾ ಎಂದೆವು. ಫೋನು ಇಟ್ಟ ಕೂಡಲೇ ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತಳು. ಎಣ್ಣೆಗಾಯಿಗೆ ಶೇಂಗಾ, ಹೋಳಿಗೆಗೆ ಶೇಂಗಾ, ಉಪವಾಸದ ಸಾಬೂದಾಣಿಗೂ ಶೇಂಗಾ. ಆ ಮಗುವಿಗೆ ಧಾರವಾಡದಲ್ಲಿ ಏನು ಹಾಕುವುದು?

"ಕುಸುಬಿ ಎಣ್ಣಿ ತರಸು" ಎಂದಳು ಅವ್ವ. "ಮತ್ತ ಪೇಡೆ ತಿನ್ನಲಿ. ಇಲ್ಲೇನ ಬಾಗಲದಾಗ ಬುಟ್ಟಿ ಹಿಡಕೊಂಡು ಯಾರೂ ನಿಂತಿರಂಗಿಲ್ಲ."