ಪಾಸೂ ಆಗದ, ವರ್ಡೂ ಅಲ್ಲದ ಪಾಸ್‌ವರ್ಡ್

ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದವನ್ನು ಬಿಡಿಸಿ ನೋಡಿ. ಪಾಸ್ ಅಂದರೆ ದಾಟಿ ಹೋಗುವುದು, ವರ್ಡ್ ಅಂದರೆ ಪದ. ಹೇಳಿದರೆ ಒಳಗೆ ಬಿಡುವ ಪದ, ಅಷ್ಟೇ. ಹಿಂದೆ ಕೋಟೆಯ ಕಾವಲುಗಾರ ಕತ್ತಲಲ್ಲಿ ‘ಯಾರದು?’ ಅನ್ನುತ್ತಿದ್ದ. ಬಂದವನು ಆ ರಾತ್ರಿಯ ಗುಟ್ಟಿನ ಪದ ಹೇಳುತ್ತಿದ್ದ. ಬಾಗಿಲು ತೆರೆಯುತ್ತಿತ್ತು.

ಬೈಬಲ್ಲಿನಲ್ಲಿ ಅಂಥದ್ದೊಂದು ಪದ ಬರುತ್ತದೆ, ‘ಶಿಬ್ಬೋಲೆತ್’. ಯುದ್ಧದಲ್ಲಿ ಸೋತು ಯೊರ್ದಾನ್ ಹೊಳೆ ದಾಟಲು ಬಂದ ಶತ್ರುಗಳನ್ನು ಗುರುತಿಸಲು ಅದನ್ನು ಹೇಳಿಸುತ್ತಿದ್ದರಂತೆ; ಅವರ ನಾಲಿಗೆಗೆ ‘ಶ’ ಹೊರಳುತ್ತಿರಲಿಲ್ಲ. ‘ಸಿಬ್ಬೋಲೆತ್’ ಅಂದವನ ಕತೆ ಅಲ್ಲಿಗೇ ಮುಗಿಯಿತು. ಆಗ ಸತ್ತವರು 42,000 ಎಂದು ಬರೆದಿದೆ. (ಶಾಲೆಯನ್ನು ಸಾಲೆ ಅನ್ನುವ ನನ್ನ ಗತಿ ಏನಾಗುತ್ತಿತ್ತೋ!) ಪರೀಕ್ಷೆ ಕ್ರೂರ, ನಿಜ. ಆದರೂ ಕೇಳುತ್ತಿದ್ದದ್ದು ಒಂದು ಪದವನ್ನು. ತೆನೆ ಅಂತ ಅದಕ್ಕೊಂದು ಅರ್ಥವೂ ಇತ್ತು.

ಈಗಿನ ಕಾವಲುಗಾರನಿಗೆ ಅರ್ಥವಿರುವ ಪದ ಕಂಡರೇ ಆಗುವುದಿಲ್ಲ. ‘ಒಂದು ದೊಡ್ಡಕ್ಷರ ಇರಲಿ.’ ಇಟ್ಟೆ. ‘ಒಂದು ಅಂಕಿ ಬೇಕು.’ ತಗೋ. ‘ಒಂದು ಚಿಹ್ನೆ?’ ಕೊನೆಗೆ ಆಶ್ಚರ್ಯಸೂಚಕ ಹಾಕಿದೆ. ಅಷ್ಟೊತ್ತಿಗೆ ನನಗೂ ಆಶ್ಚರ್ಯವೇ ಆಗಿತ್ತು. ‘ಈ ಚಿಹ್ನೆ ನಡೆಯುವುದಿಲ್ಲ’ ಅಂದಿತು ಯಂತ್ರ. ಯಾವುದು ನಡೆಯುತ್ತದೆ ಅಂತ ಮಾತ್ರ ಹೇಳಲಿಲ್ಲ. ಅದೂ ಗುಟ್ಟಿರಬೇಕು.

ಟೈಪ್ ಮಾಡುವಾಗ ಇನ್ನೊಂದು ತಮಾಷೆ. ಕೋಣೆಯಲ್ಲಿ ನಾನೊಬ್ಬನೇ. ಆದರೂ ಅಕ್ಷರದ ಬದಲು ಚುಕ್ಕೆ ತೋರಿಸುತ್ತಾರೆ. ನಾನು ಒತ್ತಿದ್ದನ್ನು ಯಾರಿಂದ ಮುಚ್ಚಿಡುತ್ತಿದ್ದಾರೆ? ನನ್ನಿಂದ! ಆಮೇಲೆ ಮನೆಗೆ ನೆಂಟರು ಬಂದು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಆಗ ಅದೇ ಗುಟ್ಟನ್ನು ಒಳಕೋಣೆಯಿಂದ ‘ದೊಡ್ಡ ಎ, ಸೊನ್ನೆ ಅಲ್ಲ ರೀ, ಓ!’ ಅಂತ ಕೂಗಿ ಹೇಳುತ್ತೇವೆ. ನೆಂಟರಿಗೆ ಕೇಳಿಸದಿದ್ದರೂ ಪಕ್ಕದ ಮನೆಯವರು ಬರೆದುಕೊಂಡಿರುತ್ತಾರೆ.

ಕನ್ನಡದಲ್ಲಿ ಪಾಸು ಅಂದರೆ ಮೊದಲು ನೆನಪಾಗುವುದು ಪರೀಕ್ಷೆ. ಇದೂ ಪರೀಕ್ಷೆಯೇ, ಅಲ್ವಾ? ಕೆಲವು ಸಲ ಫೇಲಾದರೆ ನಮ್ಮ ಖಾತೆಗೆ ನಮಗೇ ಬೀಗ.

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬೇಕಿತ್ತು. ಒಬ್ಬೊಬ್ಬರಿಗೆ ಇಂತಿಷ್ಟೇ ಸಮಯ. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕರಿಗೆ ಸಮಯ ಸಾಲಲಿಲ್ಲ. ಅವರು ಬೀಗ ಒಡೆಯಲಿಲ್ಲ. ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿ ಕೊಡು ಅಂತ ಯಂತ್ರಕ್ಕೆ ಹೇಳಿದರು. ಯಂತ್ರ ಮುದ್ರಿಸಿ ಕೊಟ್ಟಿತು. ಯಾವ ಚಿಹ್ನೆಯನ್ನೂ ಕೇಳಲಿಲ್ಲ.

ಹಾಗಾದರೆ ಈ ದೊಡ್ಡಕ್ಷರ, ಅಂಕಿ, ಚಿಹ್ನೆಗಳ ಮಡಿ ಎಲ್ಲಿಂದ ಬಂತು? 2003ರಲ್ಲಿ ಅಮೆರಿಕದ ಮಾನಕ ಸಂಸ್ಥೆಯಲ್ಲಿದ್ದ ಬಿಲ್ ಬರ್ ಎಂಬುವರು ಒಂದು ಸಲಹೆ ಬರೆದರು. ಚಿಹ್ನೆ ಬೆರೆಸಿ, ಆಗಾಗ ಬದಲಿಸಿ ಅಂತ. ಲೋಕವೆಲ್ಲ ಅದನ್ನು ವೇದವಾಕ್ಯ ಮಾಡಿಕೊಂಡಿತು. 2017ರಲ್ಲಿ, ನಿವೃತ್ತರಾದ ಮೇಲೆ, ಅದೇ ಬರ್ ಅವರು ತಾವು ಬರೆದ ಬಹುಪಾಲಿಗೆ ಈಗ ಪಶ್ಚಾತ್ತಾಪ ಪಡುವುದಾಗಿ ಪತ್ರಿಕೆಗೆ ಹೇಳಿದರು. ಆ ಸಂಸ್ಥೆಯೂ ಅದೇ ವರ್ಷ ಮಾತು ಬದಲಿಸಿತು: ಉದ್ದವಿದ್ದರೆ ಒಳ್ಳೆಯದು, ಸುಮ್ನೆ ಆಗಾಗ ಬದಲಿಸಬೇಡಿ, ಚಿಹ್ನೆಯ ಒತ್ತಾಯ ಬೇಡ.

ನಿಯಮ ಬರೆದವರೇ ಕೈಮುಗಿದರು. ನಿಯಮ ಮಾತ್ರ ಇನ್ನೂ ಬಾಗಿಲಲ್ಲೇ ನಿಂತಿದೆ.

ನನ್ನ ಗೆಳೆಯರೊಬ್ಬರ ಕಚೇರಿಯಲ್ಲಿ 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕು. ಅವರು ಹೆಂಡತಿಯ ಹೆಸರಿನ ಮುಂದೆ ಒಂದು ಹಾಕಿ ಶುರು ಮಾಡಿದರು. ಆಮೇಲೆ ಎರಡು, ಮೂರು. ಮೊನ್ನೆ ಕೇಳಿದೆ, ಆ ಕಚೇರಿ ಸೇರಿ ಎಷ್ಟು ವರ್ಷವಾಯಿತು ಅಂತ. ಲೆಕ್ಕ ಹಾಕಲು ಅವರು ಬೆರಳು ಮಡಚಲಿಲ್ಲ, ಕೀಲಿಮಣೆಯ ಕಡೆ ನೋಡಿದರು. ‘ಈಗ 37 ನಡೀತಿದೆ. ಅಂದರೆ ಒಂಬತ್ತು ವರ್ಷ ಆಗಿರಬೇಕು.’