ಸಾವಿರ ಉತ್ತರಗಳ ಚಿನ್ನದ ಬ್ಯಾಡ್ಜ್ ಯಾರಿಗೆ ಬೇಕಾಗಿತ್ತು?

ತಂತ್ರಾಂಶ ಬಳಕೆದಾರರ ಒಂದು ಆನ್‌ಲೈನ್ ಬಳಗದಲ್ಲಿ ನಾನು ಬಹುಕಾಲದಿಂದ ಮಾಡರೇಟರ್, ಅಂದರೆ ಬರಹಗಳ ಮೇಲೆ ಕಣ್ಣಿಟ್ಟು ಬೇಡದ್ದನ್ನು ಅಳಿಸುವವ, ಆಗಿರುವುದು ನಿಮ್ಮಲ್ಲಿ ಬಹುತೇಕರಿಗೆ ಗೊತ್ತು. ಗೊತ್ತಿಲ್ಲದವರು ನನ್ನ ಗೊಣಗಾಟದಿಂದಲೇ ಊಹಿಸಿರುತ್ತೀರಿ. ಇತ್ತೀಚೆಗೆ ಅಲ್ಲಿ ಹಂತಹಂತದ ಬ್ಯಾಡ್ಜ್‌ಗಳನ್ನು ಜಾರಿಗೆ ತಂದರು. ಹತ್ತು ಉತ್ತರ ಬರೆದರೆ ಕಂಚು, ನೂರಕ್ಕೆ ಬೆಳ್ಳಿ, ಸಾವಿರಕ್ಕೆ ಚಿನ್ನ. ಇಂದು ಬೆಳಿಗ್ಗೆ ಲಾಗಿನ್ ಆಗಿ ನೋಡಿದರೆ, ಎಂದೋ ಬಗೆಹರಿದ ಪ್ರಶ್ನೆಗಳೆಲ್ಲ ಪಟ್ಟಿಯ ತಲೆಯ ಮೇಲೆ ಬಂದು ಕುಳಿತಿವೆ. ಸದಸ್ಯರೊಬ್ಬರು ಒಂದರ ಕೆಳಗೆ ‘ಹೌದು’ ಎಂದೂ, ಇನ್ನೊಂದರ ಕೆಳಗೆ ‘ನನಗೂ ಇದೇ ತೊಂದರೆ’ ಎಂದೂ ಬರೆದು, ಮೂರನೆಯದರಲ್ಲಿ ಮೇಲೆಯೇ ಇದ್ದ ಬೇರೊಬ್ಬರ ಪರಿಹಾರವನ್ನು ಕಾಗುಣಿತದ ತಪ್ಪುಗಳ ಸಮೇತ ಎತ್ತಿ ‘ಹೀಗೆ ಮಾಡಿ ನೋಡಿ’ ಎಂದು ಅಂಟಿಸಿದ್ದಾರೆ. ಅವರ ಹೆಸರಿನ ಪಕ್ಕದಲ್ಲಿ ಬೆಳ್ಳಿ ಹೊಳೆಯುತ್ತಿದೆ.

ಅವರ ಮೇಲೆ ನನಗೆ ಕೋಪವಿಲ್ಲ. ಎಣಿಸುತ್ತೇವೆ ಎಂದು ನಾವೇ ಹೇಳಿದೆವು, ಅವರು ಎಣಿಕೆಗೆ ಒದಗಿಸಿಕೊಟ್ಟರು. ಕೋಪವಿರುವುದು, ಎಣಿಸುವುದಕ್ಕೆ ಸುಲಭವಾದದ್ದನ್ನೇ ಮೆಚ್ಚತಕ್ಕದ್ದೆಂದು ತೀರ್ಮಾನಿಸಿ, ಅದಕ್ಕೆ ಮೂರು ಮೆಟ್ಟಿಲು ಕಟ್ಟಿ, ಮುಂದಿನ ಮೆಟ್ಟಿಲಿಗೆ ಇನ್ನೆಷ್ಟು ಬಾಕಿಯಿದೆ ಎಂದು ತೋರಿಸುವ ಪಟ್ಟಿಯನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟವರ ಮೇಲೆ.

ಇದು ಯಾರಿಗೂ ತಿಳಿಯದ ಗುಟ್ಟೇನಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋ 2008ರಲ್ಲಿ ಶುರುವಾದಾಗಿನಿಂದಲೂ ಕಂಚು, ಬೆಳ್ಳಿ, ಚಿನ್ನದ ಪದ್ಧತಿ ನಡೆಸಿಕೊಂಡು ಬಂದಿದೆ. ಅಲ್ಲಿನ ಮಾಹಿತಿಯನ್ನೇ ಇಟ್ಟುಕೊಂಡು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬ್ಯಾಡ್ಜ್ ಹತ್ತಿರ ಬರುತ್ತಿದ್ದಂತೆ ಸದಸ್ಯರು ಆ ಒಂದು ಕೆಲಸವನ್ನು ಹೆಚ್ಚುಹೆಚ್ಚು ಮಾಡುತ್ತಾರೆ, ಬ್ಯಾಡ್ಜ್ ಕೈಸೇರಿದ ಮೇಲೆ ಆ ಉತ್ಸಾಹ ಇಳಿಯುತ್ತದೆ ಎಂದು ತೋರಿಸಿದ್ದಾರೆ. ಅಂದರೆ ಬ್ಯಾಡ್ಜ್ ಕೆಲಸ ಮಾಡುತ್ತದೆ, ಅದೇ ಭಯ. ಉತ್ತರಗಳ ಸಂಖ್ಯೆಯನ್ನು ತೋರಿಸಿದರೆ ಸಂಖ್ಯೆ ಬೆಳೆಯುತ್ತದೆ, ಉತ್ತರ ಬೆಳೆಯಬೇಕಾಗಿಲ್ಲ.

‘ಹೊಸಬರಿಗೆ ಪ್ರೋತ್ಸಾಹ ಬೇಡವೇ?’ ಎಂದು ನಿರ್ವಾಹಕರೊಬ್ಬರು ಕೇಳಿದರು. ಬೇಕು. ಮೊದಲ ಪ್ರಶ್ನೆಗೆ, ಮೊದಲ ಉತ್ತರಕ್ಕೆ, ಪ್ರೊಫೈಲ್ ತುಂಬಿದ್ದಕ್ಕೆ ಧಾರಾಳವಾಗಿ ಕೊಡಿ. ಆದರೆ ಸಾವಿರ ಉತ್ತರ ಬರೆದವರು ಯಾವ ಲೆಕ್ಕದಲ್ಲಿ ಹೊಸಬರು ಎಂದು ನಾನು ಕೇಳಿದ್ದಕ್ಕೆ ಈವರೆಗೆ ಉತ್ತರ ಬಂದಿಲ್ಲ. ಅವರಿಗಿನ್ನೂ ಕಂಚು ಸಿಕ್ಕಿಲ್ಲವೆಂದು ಕಾಣುತ್ತದೆ.

ಬ್ಯಾಡ್ಜ್ ಕಂಡರಾಗದ ವಿರಕ್ತನೇನೂ ನಾನಲ್ಲ. ನನ್ನ ಪ್ರೊಫೈಲಿನಲ್ಲೂ ಒಂದು ಚಿನ್ನವಿದೆ, ಬೇಸರವಾದಾಗ ಅದನ್ನು ಕ್ಲಿಕ್ಕಿಸಿ ನೋಡಿಕೊಳ್ಳುವ ಚಟವೂ ಇದೆ. ಆದರೆ ನನಗೆ ಅದು ಬಂದದ್ದು ನಾನು ನಿರೀಕ್ಷಿಸದೇ ಇದ್ದಾಗ. ಈ ವ್ಯತ್ಯಾಸ ಸಣ್ಣದಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು, ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ ಮೊದಲೇ ಪ್ರಶಸ್ತಿಪತ್ರದ ಆಸೆ ತೋರಿಸಿದರು, ಕೆಲವರಿಗೆ ಬರೆದಾದ ಮೇಲೆ ಅಚಾನಕ್ಕಾಗಿ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಆಮೇಲೆ ಚಿತ್ರದ ಆಸಕ್ತಿ ಕುಗ್ಗಿದ್ದು ಆಸೆ ತೋರಿಸಿ ಬರೆಸಿದ ಮಕ್ಕಳಲ್ಲಿ ಮಾತ್ರ. ನಮ್ಮ ಬಳಗದವರು ಆರಿಸಿಕೊಂಡದ್ದು ಸರಿಯಾಗಿ ಆ ಮೊದಲ ವಿಧಾನವನ್ನೇ, ಅದಕ್ಕೆ ಶೇಕಡಾವಾರು ಪಟ್ಟಿಯೊಂದನ್ನು ಸೇರಿಸಿ.

ಮೆಟ್ಟಿಲು ಕಟ್ಟಲೇಬೇಕಾದರೆ, ಅತಿಯಾದರೂ ಯಾರಿಗೂ ಕಾಟವಾಗದ ಕೆಲಸಕ್ಕೆ ಕಟ್ಟಿ. ಇಂಥ ಬಳಗಗಳನ್ನು ನಡೆಸಲು ಬಳಸುವ ಡಿಸ್ಕೋರ್ಸ್ ತಂತ್ರಾಂಶದಲ್ಲಿ ಹೊಸ ಸದಸ್ಯರು ನಂಬಿಕೆಯ ಮೊದಲ ಹಂತಕ್ಕೆ ಏರಬೇಕಾದರೆ, ಯಾರೂ ಬದಲಿಸದ ಮೂಲ ನಿಯಮದ ಪ್ರಕಾರ, ಐದು ವಿಷಯಗಳನ್ನು ತೆರೆದು, ಮೂವತ್ತು ಬರಹಗಳನ್ನು ಓದಿ, ಒಟ್ಟು ಹತ್ತು ನಿಮಿಷ ಓದಿನಲ್ಲಿ ಕಳೆದಿರಬೇಕು. ಬರೆಯುವ ಮೊದಲು ಓದು ಎಂದು ಯಾರನ್ನೂ ಗದರಿಸದೆ ಹೇಳುವ ಕ್ರಮ ಅದು. ಹೆಚ್ಚು ಓದಿ ಬಳಗವನ್ನು ಹಾಳುಗೆಡವಿದವರನ್ನು ನಾನು ಕಂಡಿಲ್ಲ. ಸ್ಟಾಕ್ ಓವರ್‌ಫ್ಲೋದಲ್ಲಿ ಇನ್ನೂ ಒಂದು ಚೆಲುವಾದ ಕಂಚಿನ ಬ್ಯಾಡ್ಜ್ ಇದೆ: ಸದಸ್ಯರ ಮತಗಳ ಲೆಕ್ಕದಲ್ಲಿ ಮೈನಸ್ ಮೂರು ಅಥವಾ ಅದಕ್ಕಿಂತ ಕೆಳಗೆ ಇಳಿದ ತನ್ನ ಬರಹವನ್ನು ತಾನೇ ಅಳಿಸಿದವರಿಗೆ ಅದು ಸಿಗುತ್ತದೆ. ಕೆಟ್ಟ ಉತ್ತರವನ್ನು ಹಿಂತೆಗೆದುಕೊಳ್ಳುವುದಕ್ಕೂ ಮಾನ್ಯತೆಯುಂಟು ಎಂದು ಯೋಚಿಸಿದವರಿಗೆ ನನ್ನ ನಮಸ್ಕಾರ. ವಿಕಿಪೀಡಿಯದಲ್ಲಿ 2003ರಿಂದ ನಡೆದುಬಂದಿರುವ ಮೆಚ್ಚುಗೆಯ ಪದಕವಾದ ಬಾರ್ನ್‌ಸ್ಟಾರ್‌ನಲ್ಲಂತೂ ಯಂತ್ರದ ಎಣಿಕೆಯೇ ಇಲ್ಲ; ಒಬ್ಬ ಸಂಪಾದಕರಿಗೆ ಮತ್ತೊಬ್ಬರ ಕೆಲಸ ಹಿಡಿಸಿದರೆ, ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು ತಾವೇ ಕೊಡುತ್ತಾರೆ.

ಸತತ ಇಷ್ಟು ದಿನ ಲಾಗಿನ್ ಆದರೆ ಒಂದು ಬ್ಯಾಡ್ಜ್ ಎಂಬ ಪ್ರಸ್ತಾಪವೂ ಬಂದಿದೆಯಂತೆ. ಜ್ವರ ಬಂದು ಮಲಗಿದವರು ಫೋನ್ ಹಿಡಿದು ಹಾಜರಿ ಹಾಕಬೇಕೇ? ತಂತ್ರಾಂಶ ಬರೆಯುವವರ ತಾಣವಾದ ಗಿಟ್‌ಹಬ್ ಇಂಥದೇ ಸತತ ದಿನಗಳ ಲೆಕ್ಕವನ್ನು 2016ರಲ್ಲಿ ಪ್ರೊಫೈಲಿನಿಂದ ತೆಗೆದುಹಾಕಿತು. ಅವರು ಕೈಬಿಟ್ಟದ್ದನ್ನು ನಾವು ಹೊಸದೆಂದು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೇವೆ.

ನಾನು ನಿರ್ವಾಹಕರಿಗೆ ಕಳಿಸಿರುವ ಪತ್ರದಲ್ಲಿ ಕೊಟ್ಟದ್ದನ್ನು ಕಿತ್ತುಕೊಳ್ಳಿ ಎಂದು ಬರೆದಿಲ್ಲ. ಹಾಗೆ ಮಾಡಿದರೆ ಪ್ರಾಮಾಣಿಕವಾಗಿ ನೂರು ಉತ್ತರ ಬರೆದವರಿಗೂ ಅವಮಾನವಾಗುತ್ತದೆ. ಬೆಳ್ಳಿ ಬಂದವರಲ್ಲಿ ಬೆಳ್ಳಿ ಇರಲಿ. ಇಂದಿನಿಂದ, ಪ್ರಶ್ನೆ ಕೇಳಿದವರು ‘ಪರಿಹಾರ ಸಿಕ್ಕಿತು’ ಎಂದು ಗುರುತಿಸಿದ ಉತ್ತರ ಮಾತ್ರ ಲೆಕ್ಕಕ್ಕೆ ಸೇರಲಿ, ಬಗೆಹರಿದ ಹಳೆಯ ಪ್ರಶ್ನೆಗಳು ಎಣಿಕೆಯಿಂದ ಹೊರಗುಳಿಯಲಿ, ಬಾಕಿ ತೋರಿಸುವ ಪಟ್ಟಿ ಮರೆಯಾಗಲಿ ಎಂದಷ್ಟೇ ಕೇಳಿದ್ದೇನೆ. ಸೆಟ್ಟಿಂಗ್‌ಗಳಲ್ಲಿ ಮಾಡಬೇಕಾದ ಬದಲಾವಣೆಗಳು ಮೂರೇ ಮೂರು. ಅವು ಆಗುವವರೆಗೆ ‘ಹೌದು’ಗಳನ್ನು ಅಳಿಸುವ ಕೆಲಸವನ್ನು ಬ್ಯಾಡ್ಜ್ ಹಂಚಿದವರೇ ನೋಡಿಕೊಳ್ಳಲಿ.